ರೋಗಾಣು ಅಂದರೆ ಬ್ಯಾಕ್ಟೀರಿಯಾನಾ, ವೈರಸ್ಸಾ?

ಪ್ರಶ್ನೆ: ಮಗಳ ವಿಜ್ಞಾನ ಪುಸ್ತಕದಲ್ಲಿ ‘ರೋಗಾಣು’ ಅಂತ ಪದೇ ಪದೇ ಬರುತ್ತದೆ. ಇದು ಬ್ಯಾಕ್ಟೀರಿಯಾಗೆ ಇರುವ ಕನ್ನಡ ಪದವಾ ಅಥವಾ ವೈರಸ್‌ಗಾ?

ಎರಡಕ್ಕೂ ಬಳಸಬಹುದು. ‘ಕಳ್ಳ’ ಅನ್ನುವ ಪದದ ಹಾಗೆ ಇದು ಮಾಡುವ ಕೆಲಸದಿಂದ ಬಂದ ಹೆಸರು. ಕಳ್ಳ ಯಾವ ಊರಿನವನೂ ಆಗಿರಬಹುದು, ಅಲ್ವಾ? ಹಾಗೆಯೇ ರೋಗ ತರುವ, ಕಣ್ಣಿಗೆ ಕಾಣದ ಜೀವಿ ಯಾವುದೇ ಇರಲಿ, ಅದು ರೋಗಾಣು. ಕ್ಷಯ ತರುವುದು ಬ್ಯಾಕ್ಟೀರಿಯಾ, ಡೆಂಗ್ಯೂ ತರುವುದು ವೈರಸ್. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಇವೆರಡೂ ಅಲ್ಲ, ಅದು ಒಂದೇ ಜೀವಕೋಶದ ಬೇರೆ ಥರದ ಜೀವಿ. ಗಜಕರ್ಣಕ್ಕೆ ಕಾರಣ ಶಿಲೀಂಧ್ರ. ಅದನ್ನು ಹುಳುಕಡ್ಡಿ ಅಂತಲೂ ಕರೆಯುತ್ತೇವೆ, ಆದರೆ ಅಲ್ಲಿ ಹುಳುವೇ ಇರುವುದಿಲ್ಲ.

ಪದ ಬಿಡಿಸಿದರೆ ರೋಗ ಮತ್ತು ಅಣು. ಮಕ್ಕಳಿಗೆ ಇಲ್ಲಿ ಗೊಂದಲ ಆಗುತ್ತದೆ, ಯಾಕಂದ್ರೆ ರಸಾಯನ ಪಾಠದಲ್ಲಿ ಅಣು ಅಂದರೆ ಪರಮಾಣುಗಳು ಸೇರಿ ಆದದ್ದು. ಇಲ್ಲಿ ಅಣು ಅಂದರೆ ಬರೀ ‘ತುಂಬಾ ಚಿಕ್ಕದು’ ಅಷ್ಟೇ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬ್ಯಾಕ್ಟೀರಿಯಾ ಎಲ್ಲವೂ ರೋಗಾಣು ಅಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಅದನ್ನು ಮೊಸರು ಮಾಡುವುದು ಬ್ಯಾಕ್ಟೀರಿಯಾವೇ. ಇಡ್ಲಿ ಹಿಟ್ಟು ಉಬ್ಬುವುದೂ ಅದರಿಂದಲೇ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ಸಾಮಾನ್ಯವಾಗಿ ಸುಮ್ನೆ ಇರುತ್ತದೆ, ಅದೇ ಮೂತ್ರನಾಳಕ್ಕೆ ಹೋದರೆ ಉರಿ, ಜ್ವರ ತರುತ್ತದೆ. ಅಲ್ಲಿ ಅದು ರೋಗಾಣು.

ರೋಗ ಹೊತ್ತು ತರುವ ಪ್ರಾಣಿಯನ್ನೂ ಕೆಲವರು ರೋಗಾಣು ಅಂತಾರೆ, ಅದು ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯನ್ನೇ ನೋಡಿ. ರೋಗಾಣು ಒಂದು ವೈರಸ್. ಅದನ್ನು ಮನುಷ್ಯರಿಗೆ ದಾಟಿಸುವುದು ಉಣ್ಣೆಯ ಕಡಿತ. ಮಂಗ ಪಾಪ, ಅದೇ ರೋಗಕ್ಕೆ ಸಾಯುತ್ತದೆ, ಆದರೂ ಕಾಯಿಲೆಗೆ ಅದರ ಹೆಸರೇ ಅಂಟಿಕೊಂಡಿದೆ.

ಹಾಗಾದರೆ ಪದ ಎಲ್ಲಿ ಬಳಸಬೇಕು? ‘ಕೈ ತೊಳೆದರೆ ರೋಗಾಣು ಹೋಗುತ್ತವೆ’ ಅನ್ನುವಾಗ ಇದೇ ಸರಿಯಾದ ಪದ, ಯಾವ ಜಾತಿ ಅಂತ ಬೇಕಿಲ್ಲ. ಔಷಧಿಯ ಮಾತು ಬಂದಾಗ ಮಾತ್ರ ಬಿಡಿಸಿ ಹೇಳಲೇಬೇಕು. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತದೆ, ವೈರಸ್ ಮೇಲೆ ಮಾಡುವುದಿಲ್ಲ. ಸಾಮಾನ್ಯ ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಹಿಂದಿನ ಸಲ ಉಳಿದ ಮಾತ್ರೆ ನುಂಗುವುದರಿಂದ ಏನೂ ಗುಣವಿಲ್ಲ, ಹಾಗೆ ಜಾಸ್ತಿ ನುಂಗಿದಷ್ಟೂ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಬಗ್ಗದ ಹಾಗೆ ಆಗುತ್ತವೆ.

‘ಸೋಂಕು’ ಬೇರೆ ಪದ. ಸೋಂಕು ಅಂದರೆ ಮೊದಲಿಗೆ ತಾಗುವುದು, ತಗಲುವುದು. ರೋಗಾಣು ಒಳಹೊಕ್ಕು ನೆಲೆ ನಿಂತರೆ ಸೋಂಕು, ಅದರಿಂದ ದೇಹ ಕೆಟ್ಟರೆ ರೋಗ. ಕ್ಷಯದ ರೋಗಾಣು ಮೈಯೊಳಗೆ ಇದ್ದೂ ಜೀವಮಾನವಿಡೀ ಕ್ಷಯ ಬರದವರು ಬಹಳ ಮಂದಿ ಇದ್ದಾರೆ.