ಮಗುವಿನ ಜ್ವರ: ಕಂಬಳಿ, ತಣ್ಣೀರು ಮತ್ತು ಮೂರು ಬಾಟಲಿ

ಮಳೆ ಹಿಡಿಯಿತು ಅಂದರೆ ಸಕಲೇಶಪುರ, ಮೂಡಿಗೆರೆ ಕಡೆ ಮಕ್ಕಳಿರುವ ಮನೆಗಳಲ್ಲೆಲ್ಲ ಜ್ವರದ್ದೇ ಮಾತು. ಬೆವರು ಬಂದರೆ ಜ್ವರ ಬಿಡುತ್ತೆ ಅಂತ ಅಜ್ಜಿ ಕಂಬಳಿ ಹೊದಿಸುತ್ತಾರೆ. ಜ್ವರ ತಲೆಗೇರಿಬಿಟ್ಟರೆ ಅಂತ ಹೆದರಿ ಅಪ್ಪ ತಣ್ಣೀರು ಬಟ್ಟೆ ಹಿಂಡುತ್ತಾನೆ. ಇಬ್ಬರದ್ದೂ ಮಗುವಿನ ಮೇಲಿನ ಅಕ್ಕರೆಯೇ. ಆದರೆ ಆ ಬಿಸಿಯನ್ನು ಬೇಕಂತಲೇ ಏರಿಸುತ್ತಿರುವುದು ಮಗುವಿನ ಮಿದುಳು. ಇದು ಗೊತ್ತಾದರೆ ಮುಂದಿನದೆಲ್ಲ ತಾನಾಗೇ ತಿಳಿಯುತ್ತೆ.

ಮಿದುಳಿನ ಬುಡದಲ್ಲಿ ಹೈಪೋಥಾಲಮಸ್ ಅಂತ ಒಂದು ಪುಟ್ಟ ಭಾಗ ಇದೆ. ಗೀಸರಿನಲ್ಲಿ ಬಿಸಿ ಎಷ್ಟಿರಬೇಕು ಅಂತ ತಿರುಗಿಸಿ ಇಡುವ ಗುಂಡಿ ಇರುತ್ತಲ್ಲ, ಅದರ ಕೆಲಸವೇ ಇದರದ್ದು. ಸಾಮಾನ್ಯ ದಿನ ಅದು 37 ಡಿಗ್ರಿ ಸೆಲ್ಸಿಯಸ್ (98.6 ಫ್ಯಾರನ್‌ಹೀಟ್) ಆಸುಪಾಸಿನಲ್ಲಿರುತ್ತೆ. ವೈರಸ್ ಒಳಗೆ ಬಂದಾಗ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಮಿದುಳಿನಲ್ಲಿ ಪ್ರೋಸ್ಟಾಗ್ಲಾಂಡಿನ್ ಇ2 ಅನ್ನುವ ಇನ್ನೊಂದು ರಾಸಾಯನಿಕ ಜಾಸ್ತಿಯಾಗಿ ಗುಂಡಿ 39ಕ್ಕೆ ತಿರುಗುತ್ತೆ. ಮೈ ಇನ್ನೂ 37ರಲ್ಲೇ ಇದೆ, ಹಾಗಾಗಿ ಮಗುವಿಗೆ ಚಳಿ. ನಡುಗಿ ಬಿಸಿ ಹುಟ್ಟಿಸುತ್ತೆ. ಚರ್ಮದ ರಕ್ತನಾಳ ಕುಗ್ಗಿಸಿ ಬಿಸಿ ಉಳಿಸಿಕೊಳ್ಳುತ್ತೆ. ಹೊಟ್ಟೆ ಸುಡುತ್ತಿದ್ದರೂ ಅಂಗಾಲು ಮಂಜಿನ ಹಾಗೆ ತಣ್ಣಗಿರುತ್ತಲ್ಲ, ಅದು ಇದೇ. ಗುಂಡಿ ಮತ್ತೆ 37ಕ್ಕೆ ಬಂದಾಗ ಹೆಚ್ಚಾದ ಬಿಸಿ ಹೊರಹಾಕೋಕೆ ಬೆವರು ಬರುತ್ತೆ. ಜ್ವರ ಇಳಿಯುತ್ತಿರುವುದರಿಂದ ಬೆವರು. ಬೆವರಿಸಿದರೆ ಜ್ವರ ಇಳಿಯಲ್ಲ.

ತಣ್ಣೀರಿನ ಕಥೆಯೂ ಇಷ್ಟೇ. ಗುಂಡಿ 39ರಲ್ಲೇ ಇರುವಾಗ ಮೈ ತಣ್ಣಗೆ ಮಾಡಿದರೆ ಮಗು ಇನ್ನಷ್ಟು ನಡುಗುತ್ತೆ, ಅಳುತ್ತೆ. ಚಳಿ ಅನ್ನುವಾಗ ತೆಳು ಹೊದಿಕೆ, ಬೆವರುವಾಗ ಅದನ್ನೂ ತೆಗೆದು ಹತ್ತಿ ಬಟ್ಟೆ, ಆಗಾಗ ಗುಟುಕು ಗಂಜಿಯೋ ನೀರೋ. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲೇ. ಸಾಕು. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಉಳಿದು ಮೈ ಕಾದ ಮಗುವಿನ ವಿಷಯವೇ ಬೇರೆ. ಅಲ್ಲಿ ಗುಂಡಿ ತಿರುಗಿರಲ್ಲ, ಮೈ ಅದರ ಹಿಡಿತ ಮೀರಿ ಕಾದಿರುತ್ತೆ. ತಕ್ಷಣ ತಣ್ಣಗೆ ಮಾಡಲೇಬೇಕು. ಸೋಂಕಿನ ಜ್ವರ ಮಿದುಳಿನ ಹಿಡಿತದಲ್ಲೇ ಇರುವುದರಿಂದ 41 ದಾಟುವುದು ಅಪರೂಪ. ಜ್ವರ ಮಿದುಳನ್ನು ಬೇಯಿಸಿಬಿಡುತ್ತೆ ಅನ್ನುವ ಭಯಕ್ಕೆ ಆಧಾರ ಇಲ್ಲ.

ಮೈ ಯಾಕೆ ಇಷ್ಟು ಕಷ್ಟಪಡುತ್ತೆ? 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಮರುಭೂಮಿಯ ಇಗ್ವಾನಾಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಇಗ್ವಾನಾ ನಮ್ಮ ಓತಿಕ್ಯಾತನ ದೊಡ್ಡ ನೆಂಟ, ಮೈ ಬಿಸಿಗೆ ಹೊರಗಿನ ಬಿಸಿಯನ್ನೇ ನಂಬಿರುವ ಪ್ರಾಣಿ. ಸೋಂಕು ತಗುಲಿಸಿ ಬೇರೆ ಬೇರೆ ಬಿಸಿಯಲ್ಲಿ ಇಟ್ಟಾಗ, ಜ್ವರದಷ್ಟು ಬೆಚ್ಚಗಿದ್ದವು ಹೆಚ್ಚು ಬದುಕಿದವು, ತಂಪಿನಲ್ಲಿದ್ದವು ಹೆಚ್ಚು ಸತ್ತವು. ನಮಗಿಂತ ಎಷ್ಟೋ ಹಳೆಯ ಜೀವಿಗಳೂ ಈ ಉಪಾಯ ನೆಚ್ಚಿಕೊಂಡಿವೆ ಅಂದರೆ ಬೆರಗಾಗುತ್ತೆ, ಅಲ್ವಾ?

ಹಾಗಂತ ಔಷಧಿ ಕೊಡಲೇಬೇಡಿ ಅಂತಲ್ಲ. ಮೈಕೈ ನೋವಿಂದ ಮಗು ಮಲಗದೆ, ಕುಡಿಯದೆ ಒದ್ದಾಡುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಅದು ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆದು ಗುಂಡಿಯನ್ನು ನಾಲ್ಕಾರು ಗಂಟೆ ಕೆಳಗಿಡುತ್ತೆ. ವೈರಸ್ ಇನ್ನೂ ಒಳಗೇ ಇರುವುದರಿಂದ ಜ್ವರ ಮತ್ತೆ ಏರುತ್ತೆ. ಔಷಧಿ ಹಿಡಿಯಲಿಲ್ಲ ಅಂತ ಅದಕ್ಕೆ ಅರ್ಥ ಅಲ್ಲ. 101 ಫ್ಯಾರನ್‌ಹೀಟ್ ಇದ್ದರೂ ಆಡಿಕೊಂಡಿರುವ ಮಗುವಿಗೆ ಸುಮ್ನೆ ಔಷಧಿ ಯಾಕೆ? ನಿದ್ದೆಯಿಂದ ಎಬ್ಬಿಸಿ ಕುಡಿಸುವುದಂತೂ ಬೇಡವೇ ಬೇಡ.

ನನಗೆ ನಿಜವಾಗಿ ಹೆದರಿಕೆ ಇರುವುದು ಚಮಚದ ಬಗ್ಗೆ. ಮೆಡಿಕಲ್ ಶಾಪಿನಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಕೇಳಿ ನೋಡಿ. ಒಂದು ಸಿರಪ್ಪಿನ 5 ಮಿಲಿಯಲ್ಲಿ 120 ಮಿಲಿಗ್ರಾಂ, ಇನ್ನೊಂದರ 5 ಮಿಲಿಯಲ್ಲಿ 250. ಹನಿ ಔಷಧಿಯ ಪುಟ್ಟ ಬಾಟಲಿಯಲ್ಲಿ ಒಂದೇ ಮಿಲಿಗೆ 100. ಲೆಕ್ಕ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಅಂದರೆ ಮೊದಲ ಬಾಟಲಿಯಲ್ಲಿ 6 ಮಿಲಿ ಚಿಲ್ಲರೆ, ಎರಡನೆಯದರಲ್ಲಿ 3, ಹನಿಯಲ್ಲಿ ಒಂದೂವರೆ. ಹನಿ ಔಷಧಿಯನ್ನು ಸಿರಪ್ ಅಂದುಕೊಂಡು 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ಮತ್ತೆ ಮತ್ತೆ ಹೀಗಾದರೆ ಪಿತ್ತಜನಕಾಂಗಕ್ಕೇ ಪೆಟ್ಟು. ಪಕ್ಕದ ಮನೆಯವರು ಹೇಳಿದ ಮಿಲಿ ಅವರ ಬಾಟಲಿಗೆ, ಅವರ ಮಗುವಿಗೆ. ಅಡುಗೆಮನೆ ಚಮಚ ಬಿಟ್ಟು ಗೆರೆ ಇರುವ ಮುಚ್ಚಳವೋ ಸಿರಿಂಜೋ ಬಳಸಿ. ನೆಗಡಿ ಸಿರಪ್ಪಿನ ಲೇಬಲ್ ಕೂಡ ಓದಿ, ಅದರೊಳಗೂ ಪ್ಯಾರಾಸಿಟಮಾಲ್ ಇರಬಹುದು.

ಆಸ್ಪಿರಿನ್ ಮಕ್ಕಳಿಗೆ ಬೇಡ. ರೈ ಸಿಂಡ್ರೋಮ್ ಅನ್ನುವ, ಮಿದುಳು ಮತ್ತು ಪಿತ್ತಜನಕಾಂಗ ಕೆಡಿಸುವ ಕಾಯಿಲೆಗೂ ಅದಕ್ಕೂ ನಂಟಿದೆ. ನಿಮೆಸುಲೈಡ್ ಅನ್ನುವ ಜ್ವರ-ನೋವಿನ ಔಷಧಿಯನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಅಂಥದ್ದೇ ಇನ್ನೊಂದು ಔಷಧಿ ಐಬುಪ್ರೊಫೆನ್ ಅನ್ನು ಡೆಂಗಿ ಇಲ್ಲ ಅಂತ ಖಾತ್ರಿ ಆಗುವವರೆಗೆ ಮುಟ್ಟಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಾಡಂಚಿನವರು ಬೇಸಿಗೆಯ ಜ್ವರವನ್ನು ಮಂಗನ ಕಾಯಿಲೆ ಇರಬಹುದಾ ಅಂತಲೂ ತೋರಿಸಿಕೊಳ್ಳಬೇಕು.

ಜ್ವರದಲ್ಲಿ ಪಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬೇಗ ನಿಂತರೂ ಡಾಕ್ಟರಿಗೆ ತೋರಿಸಿ.

ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದೂ ಬೇಡ, ಸಿರಪ್ಪೂ ಬೇಡ, ಅವತ್ತೇ ಆಸ್ಪತ್ರೆ. ದೊಡ್ಡ ಮಕ್ಕಳಲ್ಲಿ ಪಕ್ಕೆ ಸೆಳೆಯುವ ಉಸಿರು, ಎಬ್ಬಿಸಿದರೂ ಏಳದ ಮಂಪರು, ಎಂಟು ಗಂಟೆಯಾದರೂ ಮೂತ್ರ ಇಲ್ಲದಿರುವುದು, ಮೂರು ದಿನ ದಾಟಿದ ಜ್ವರ, ಇವಕ್ಕೂ ಕಾಯಬಾರದು. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಸಾಮಾನ್ಯವಾಗಿ ಜ್ವರ ಇಳಿಯುವಾಗ. ಮೈ ತಣ್ಣಗಾದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಥರ್ಮಾಮೀಟರ್ ಎಷ್ಟೇ ತೋರಿಸಲಿ, ಎಸ್ಟೇಟ್ ರಸ್ತೆಯಲ್ಲಿ ಎಷ್ಟೇ ಮಳೆ ಇರಲಿ, ಆಗಲೇ ಹೊರಡಿ.