ಕೋಟೆಯ ಹಳೇ ಚರ್ಚು ಯಾರದ್ದು?

ಬಳ್ಳಾರಿಯಲ್ಲಿ ಕೋಟೆ, ಕಂಟೋನ್ಮೆಂಟ್ ಕಡೆಯ ಹಳೇ ಚರ್ಚುಗಳ ಮಾತು ಬಂದರೆ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತದೆ. ಆ ಜಾಗ ಯಾರದ್ದು? ಮಿಲಿಟರಿಯದ್ದು ಅಂತ ಒಬ್ಬರು, ಮಿಷನ್‌ನವರದ್ದು ಅಂತ ಇನ್ನೊಬ್ಬರು, ಸರ್ಕಾರದ್ದೇ ಅಂತ ಮತ್ತೊಬ್ಬರು. ತಮಾಷೆ ಅಂದ್ರೆ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಥಾಮಸ್ ಮನ್ರೋ ಬಂದ, ದಂಡೂ ಬಂತು. ದಂಡು ಬಂದ ಮೇಲೆ ಬಿಳಿ ಸಿಪಾಯಿಗಳಿಗೆ ಭಾನುವಾರ ಪ್ರಾರ್ಥನೆಗೆ ಒಂದು ಜಾಗ ಬೇಕಲ್ವಾ? ಪಾದ್ರಿಗೆ ಸಂಬಳ ಕಂಪನಿಯ ಖಜಾನೆಯಿಂದ. ಅಂದರೆ ಆತ ಊರಿನವರಿಗೆ ಧರ್ಮ ಹೇಳಲು ಬಂದವನಲ್ಲ, ದಂಡಿನ ನೌಕರ. ಸಿಪಾಯಿಗಳು ಸಾಲಾಗಿ ಬಂದು ಕೂತು, ಸಾಲಾಗಿಯೇ ಎದ್ದು ಹೋಗುತ್ತಿದ್ದರು. 1857ರಲ್ಲಿ ಮೀರತ್‌ನ ದಂಗೆ ಭಾನುವಾರವೇ ಎದ್ದಿದ್ದರಿಂದ, ಆಮೇಲೆ ಎಷ್ಟೋ ದಂಡಿನ ಚರ್ಚುಗಳಲ್ಲಿ ಕೋವಿ ಆನಿಸಿಡಲು ಬೆಂಚಿಗೇ ಕಚ್ಚು ಮಾಡಿಸಿದರು.

ಇದಕ್ಕೂ ಮಿಷನ್‌ಗೂ ಸಂಬಂಧ ಇಲ್ಲ. ಜನ ಎಡವುವುದೇ ಇಲ್ಲಿ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಬೇರೆ ಪಂಗಡದಿಂದ, ಬೇರೆ ದುಡ್ಡಿನಲ್ಲಿ. ಕನ್ನಡ ಮತ್ತು ಮಿಷನರಿ ಅಂದ ಕೂಡಲೇ ನಮಗೆಲ್ಲ ಮಂಗಳೂರು ನೆನಪಾಗುತ್ತದೆ. ಆದರೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಷ್ಟರೊಳಗೆ ಹ್ಯಾಂಡ್ಸ್ ಮತ್ತು ಜೊತೆಗಾರರು ಇಲ್ಲೇ, ಈ ಬಿಸಿಲಲ್ಲಿ ಕೂತು, ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದರು. ನಮ್ಮೂರಿನವರೇ ಇದನ್ನು ಮರೆತಿದ್ದಾರೆ ಅನ್ನೋದು ನನಗೆ ಸ್ವಲ್ಪ ಬೇಸರದ ವಿಷಯ. 1846ರಲ್ಲಿ ವಾರ್ಡ್ಲಾ ಶಾಲೆ ಶುರುವಾಯಿತು. ಹಾಗಾಗಿ ಮಿಷನ್ ಕಾಂಪೌಂಡ್ ಅಂದ್ರೆ ಪ್ರಾರ್ಥನೆಗಿಂತ ಜಾಸ್ತಿ ಪಾಠದ ಜಾಗ ಆಯಿತು. ಅದರ ಬೆಂಚಿನಲ್ಲಿ ಕಲಿತವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು.

ಆಮೇಲಿನದ್ದು ಬೇಗ ಹೇಳಿಬಿಡಬಹುದು: 1876ರ ಧಾತು ಬರ, ರೈಲು, ಎರಡು ಮಹಾಯುದ್ಧ.

ಗೋಜಲು ಶುರುವಾಗುವುದು ಕಾಗದದಲ್ಲಿ. 1927ರ ಇಂಡಿಯನ್ ಚರ್ಚ್ ಆಕ್ಟ್ 1930ರಲ್ಲಿ ಜಾರಿಯಾಗಿ ಇಲ್ಲಿನ ಆಂಗ್ಲಿಕನ್ ಚರ್ಚು, ಅಂದರೆ ದಂಡಿನ ಚರ್ಚುಗಳು ಸೇರಿದ್ದ ಇಂಗ್ಲೆಂಡಿನ ಪಂಗಡ, ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾಯಿತು. ಆದರೂ ದಂಡಿನ ಪಾದ್ರಿಗಳ ಖರ್ಚನ್ನು ಸರ್ಕಾರವೇ ನೋಡಿಕೊಳ್ಳುತ್ತಿತ್ತು. 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂತು, ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ಆದ ಚರ್ಚು) ಹುಟ್ಟಿತು. ಅಲ್ಲಿವರೆಗೆ ಒಂದೇ ಊರಲ್ಲಿದ್ದೂ ಬೇರೆ ಬೇರೆ ಇದ್ದ ದಂಡಿನ ಚರ್ಚಿನವರೂ ಮಿಷನ್ ಸಭೆಯವರೂ ಒಂದೇ ಮನೆಯವರಾದರು. ಆಸ್ತಿ ನೋಡಿಕೊಳ್ಳಲು ಕಂಪನಿ ಕಾಯ್ದೆಯ ಕೆಳಗೆ ಒಂದು ಟ್ರಸ್ಟ್ ಅಸೋಸಿಯೇಷನ್, ಅದರ ಕಚೇರಿ ಮದ್ರಾಸಿನಲ್ಲಿ. ಆರು ವರ್ಷಕ್ಕೆ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಮದ್ರಾಸ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಜಿಲ್ಲೆ ಒಂದು ರಾಜ್ಯದಲ್ಲಿ, ಟ್ರಸ್ಟ್ ಇನ್ನೊಂದರಲ್ಲಿ. (ಕ್ಯಾಥೊಲಿಕರ ಕಥೆಯೇ ಬೇರೆ. ಬಳ್ಳಾರಿ ಧರ್ಮಪ್ರಾಂತ್ಯ ಆದದ್ದು 1949ರಲ್ಲಿ. ಎರಡನ್ನೂ ಸುಮ್ನೆ ಬೆರೆಸಬೇಡಿ.)

ಊರು ಬೆಳೆದು ದಂಡಿನ ಅಂಚಿನ ಬಯಲು ಊರ ನಡುವಿಗೆ ಬಂತು. ಹಳೇ ಕಾಂಪೌಂಡ್ ನೋಡಿ ಮರ ಎಣಿಸುವವರು ಕಡಿಮೆ, ಚದರ ಅಡಿ ಲೆಕ್ಕ ಹಾಕುವವರೇ ಜಾಸ್ತಿ. ತಪ್ಪು ಯಾರದ್ದು ಅಂದ್ರೆ ಎಲ್ಲರೂ ಪಕ್ಕದವರ ಕಡೆ ನೋಡುತ್ತಾರೆ. ಅಷ್ಟರಲ್ಲಿ ಕಲ್ಲಿನ ಗೋಡೆಗೆ ಎನಾಮೆಲ್ ಪೇಂಟ್ ಬಿದ್ದಿರುತ್ತದೆ.

ಹೋದ ಕ್ರಿಸ್‌ಮಸ್‌ಗೆ ಗೆಳೆಯನ ಜೊತೆ ಅಂಥದ್ದೇ ಒಂದು ಚರ್ಚಿಗೆ ಹೋಗಿದ್ದೆ. ಗೋಡೆಯಲ್ಲಿ ಒಂದು ಅಮೃತಶಿಲೆ ಫಲಕ, ಜ್ವರ ಬಂದು ಸತ್ತ ಯಾವನೋ ಸಣ್ಣ ವಯಸ್ಸಿನ ಲೆಫ್ಟಿನೆಂಟ್‌ದು. ಹೆಸರಿನ ಅರ್ಧ ಸೌಂಡ್ ಬಾಕ್ಸ್ ಹಿಂದೆ ಸೇರಿತ್ತು. ಅದರ ಕೆಳಗೆ ಅಜ್ಜಿಯೊಬ್ಬರು ತೆಲುಗು ಹಾಡಿನ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕನ್ನಡ ಹಾಡಿಗೆ ದನಿಗೂಡಿಸುತ್ತಿದ್ದರು.