ಆವರ್ತಕ ಕಾರ್ಯ: ಎರಡು ಸರದಿಗಳ ನಡುವಿನ ಅಂತರವನ್ನು ಎಲ್ಲಿಂದ ಅಳೆಯಬೇಕು?

ಅಸಿಂಕ್ರನಸ್ ಪ್ರೋಗ್ರಾಮಿನಲ್ಲಿ, ಅಂದರೆ ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ನಡೆಸುವ ಪ್ರೋಗ್ರಾಮಿನಲ್ಲಿ, ನಿಗದಿತ ಅವಧಿಗೊಮ್ಮೆ ಮತ್ತೆ ಮತ್ತೆ ನಡೆಯಬೇಕಾದ ಕೆಲಸವನ್ನು ಆವರ್ತಕ ಕಾರ್ಯ ಎನ್ನಬಹುದು. ಅವಧಿ ಮೀರಿದ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ದತ್ತಾಂಶ) ಅಳಿಸುವುದು, ಸಂಪರ್ಕ ಇನ್ನೂ ಇದೆಯೇ ಎಂದು ಪರೀಕ್ಷಿಸುವುದು ಇಂಥ ಕೆಲಸಗಳು. ಇವಕ್ಕೆ ಪ್ರತ್ಯೇಕ ಥ್ರೆಡ್ (ಪ್ರೋಗ್ರಾಮಿನೊಳಗೆ ಸಮಾನಾಂತರವಾಗಿ ಓಡುವ ಎಳೆ) ಬೇಕಿಲ್ಲ. ಕಾರ್ಯಗಳನ್ನು ಸರದಿಯಂತೆ ನಡೆಸುವ ಇವೆಂಟ್ ಲೂಪ್ ಟೈಮರ್‌ಗಳ ಲೆಕ್ಕ ಇಟ್ಟುಕೊಂಡು, ಸಮಯವಾದ ಕಾರ್ಯವನ್ನು ಎಬ್ಬಿಸುತ್ತದೆ.

ಪೈಥಾನ್‌ನಲ್ಲಿ ಹೆಚ್ಚಿನವರು ಮೊದಲು ಬರೆಯುವುದು ಒಂದು ಅನಂತ ಲೂಪ್: ಕೆಲಸ ಮಾಡು, 10 ಸೆಕೆಂಡು ಅಸಿಂಕ್‌ಐಒ (ಪೈಥಾನ್‌ನ ಅಸಿಂಕ್ರನಸ್ ಲೈಬ್ರರಿ) ಸ್ಲೀಪ್‌ನಲ್ಲಿರು, ಮತ್ತೆ ಮಾಡು. ಕೆಲಸಕ್ಕೇ 2 ಸೆಕೆಂಡು ಹಿಡಿದರೆ ಪ್ರತಿ ಸುತ್ತು 12 ಸೆಕೆಂಡಾಗುತ್ತದೆ; ಗಂಟೆಗೆ 360 ಬಾರಿ ನಡೆಯಬೇಕಾದದ್ದು 300 ಬಾರಿ ಮಾತ್ರ ನಡೆಯುತ್ತದೆ. ಕ್ಯಾಶ್ ಅಳಿಸುವುದಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ಮಾಪನ ದಾಖಲಿಸುವ ಕೆಲಸಕ್ಕೆ ಇದು ದೋಷವೇ ಸರಿ. ಅಂಥಲ್ಲಿ ಮುಂದಿನ ಸರದಿಯ ಸಮಯವನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಪ್ರತಿ ಬಾರಿ ಅದಕ್ಕೆ 10 ಕೂಡಿಸಿ, ಉಳಿದಿರುವಷ್ಟು ಹೊತ್ತು ಮಾತ್ರ ಕಾಯಬೇಕು. ಈ ಲೆಕ್ಕಕ್ಕೆ ಹಿಂದಕ್ಕೆ ಹೋಗದ ಮೊನೊಟಾನಿಕ್ ಗಡಿಯಾರವನ್ನೇ ಬಳಸಬೇಕು, ಏಕೆಂದರೆ ಸಿಸ್ಟಮ್ ಗಡಿಯಾರವನ್ನು ಯಾರಾದರೂ ತಿದ್ದಬಹುದು. ಜಾವಾದ ಶೆಡ್ಯೂಲ್ಡ್ ಎಕ್ಸಿಕ್ಯೂಟರ್ ಈ ಎರಡೂ ವಿಧಾನಗಳಿಗೆ, ಅಂದರೆ ಸ್ಥಿರ ವಿರಾಮಕ್ಕೂ ಸ್ಥಿರ ಗತಿಗೂ, ಬೇರೆ ಬೇರೆ ಮೆಥಡ್‌ಗಳನ್ನೇ ಕೊಟ್ಟಿದೆ.

ಕೆಲಸವೇ ಅವಧಿಯನ್ನು ಮೀರಿದರೆ ಏನಾಗಬೇಕು ಎಂಬ ನಿರ್ಧಾರ ಇನ್ನೂ ಕಠಿಣ. ರಸ್ಟ್ ಭಾಷೆಯ ಅಸಿಂಕ್ರನಸ್ ಲೈಬ್ರರಿಯಾದ ಟೋಕಿಯೊ ಇದಕ್ಕೆ ಮೂರು ಆಯ್ಕೆ ಕೊಡುತ್ತದೆ: ತಪ್ಪಿದ ಸರದಿಗಳನ್ನು ಒಟ್ಟಿಗೆ ಓಡಿಸಿ ಮುಗಿಸುವುದು, ಮುಂದಿನವುಗಳನ್ನು ಮುಂದೂಡುವುದು, ಅಥವಾ ತಪ್ಪಿದ್ದನ್ನು ಬಿಟ್ಟು ಮೂಲ ಸಮಯಕ್ಕೆ ಹೊಂದಿಕೊಳ್ಳುವುದು. ಏನನ್ನೂ ಹೇಳದಿದ್ದರೆ ಮೊದಲನೆಯದು ಜಾರಿಯಲ್ಲಿರುತ್ತದೆ. ಹೊರಗಿನ ಸರ್ವರ್‌ಗೆ ಕೋರಿಕೆ ಕಳಿಸುವ ಕೆಲಸಕ್ಕೆ ಅದು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ. ಜಾವಾಸ್ಕ್ರಿಪ್ಟ್‌ನಲ್ಲಿ ಅವಧಿಗೊಮ್ಮೆ ಫಂಕ್ಷನ್ ಕರೆಯುವ ಸೆಟ್‌ಇಂಟರ್ವಲ್ ಅಂತೂ ಅಸಿಂಕ್ ಫಂಕ್ಷನ್ ಮುಗಿಯಿತೇ ಎಂದು ನೋಡುವುದೇ ಇಲ್ಲ; ಹಿಂದಿನ ಸರದಿ ಉತ್ತರಕ್ಕಾಗಿ ಕಾಯುತ್ತಿರುವಾಗಲೇ ಮುಂದಿನದು ಶುರುವಾಗಿ, ಎರಡೂ ಒಂದೇ ದತ್ತಾಂಶವನ್ನು ತಿದ್ದಬಹುದು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಸದ್ದಿಲ್ಲದೆ ನಿಂತುಹೋಗುವ ಕಾರ್ಯ. ಲೂಪಿನೊಳಗೆ ಹಿಡಿಯದೆ ಬಿಟ್ಟ ಒಂದೇ ಎಕ್ಸೆಪ್ಶನ್ (ಓಡುವಾಗ ಎದುರಾಗುವ ದೋಷದ ಸೂಚನೆ) ಕಾರ್ಯವನ್ನು ಕೊನೆಗಾಣಿಸುತ್ತದೆ, ಪ್ರೋಗ್ರಾಮಿನ ಉಳಿದ ಭಾಗ ಮಾತ್ರ ಏನೂ ಆಗದಂತೆ ನಡೆಯುತ್ತಿರುತ್ತದೆ. ಆದ್ದರಿಂದ ದೋಷವನ್ನು ಪ್ರತಿ ಸುತ್ತಿನೊಳಗೇ ಹಿಡಿದು ಲಾಗ್ ಮಾಡಬೇಕು. ಆದರೆ ರದ್ದತಿಯ ಸೂಚನೆಯನ್ನು ಅದರೊಂದಿಗೆ ನುಂಗಬಾರದು, ನುಂಗಿದರೆ ಕಾರ್ಯವನ್ನು ನಿಲ್ಲಿಸಲು ಆಗುವುದಿಲ್ಲ. ಪೈಥಾನ್ 3.8ರಿಂದ ಈ ಸೂಚನೆ ಸಾಮಾನ್ಯ ಎಕ್ಸೆಪ್ಶನ್ ವರ್ಗದಿಂದ ಹೊರಗಿರುವುದು ಇದೇ ಕಾರಣಕ್ಕೆ ಉಪಕಾರಿಯಾಗಿದೆ. ಜೊತೆಗೆ, ಅಸಿಂಕ್‌ಐಒ ಲೂಪ್ ಟಾಸ್ಕ್‌ಗಳಿಗೆ ದುರ್ಬಲ ರೆಫರೆನ್ಸ್ (ಮೆಮೊರಿಯಲ್ಲಿ ಉಳಿಯುವಂತೆ ಹಿಡಿದಿಡದ ಕೊಂಡಿ) ಮಾತ್ರ ಇಟ್ಟುಕೊಳ್ಳುವುದರಿಂದ, ರಚಿಸಿದ ಟಾಸ್ಕನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡದಿದ್ದರೆ ಅದು ನಡುವೆಯೇ ಕಸಸಂಗ್ರಹಕ್ಕೆ (ಬಳಕೆಯಲ್ಲಿಲ್ಲದ ಮೆಮೊರಿಯ ತೆರವಿಗೆ) ಸಿಕ್ಕಿ ಮಾಯವಾಗಬಹುದು.